ಎಡಮೂಲೆಯ ಒಂಟೆ

ನಮ್ಮವರಿಗೆ ಇದ್ದದ್ದು ಒಂದೇ ಆಸೆ. ನನ್ನ ತಮ್ಮನನ್ನು ಚೆಸ್ಸಿನಲ್ಲಿ ಒಂದೇ ಒಂದು ಸಲ ಸೋಲಿಸಬೇಕು. ಮನೆ ಕಟ್ಟಬೇಕು, ನಾಲ್ಕು ಊರು ನೋಡಬೇಕು ಅಂತ ಆಸೆಪಡುವ ಗಂಡಂದಿರು ಬೇರೆಯವರಿಗೆ ಸಿಗುತ್ತಾರೆ. ನನಗೆ ಸಿಕ್ಕವರು ಇವರು.

ಕೆಲಸ ಬಸ್ ಡ್ರೈವರಿನದು. ವಾರವೆಲ್ಲ ಊರಿನ ಜನರನ್ನು ಹೊತ್ತು ತಿರುಗಿ, ರಜೆಯ ದಿನ ನಾನು ಊಟದ ತಟ್ಟೆ ಎತ್ತುವ ಮೊದಲೇ ಬೋರ್ಡು ಹಾಸಿಬಿಡುತ್ತಿದ್ದರು. ಅಷ್ಟರಲ್ಲಿ ನನ್ನ ತಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅವನು ಬೀಗ ರಿಪೇರಿ ಮಾಡುವವನು. ಊರಿನ ಬೀಗವೆಲ್ಲ ಅವನ ಕೈಯಲ್ಲಿ ತೆರೆಯುತ್ತದೆ, ಅವನ ಬಾಯಿ ಮಾತ್ರ ಯಾರ ಕೈಯಲ್ಲೂ ಮುಚ್ಚುವುದಿಲ್ಲ.

"ಬಾ ಭಾವ, ಇವತ್ತು ಬೇಗ ಸೋತ್ಬಿಡು. ನಂಗೆ ಆಮೇಲೆ ಕೆಲಸ ಇದೆ."

"ಕಾಯಿ ಜೋಡ್ಸೋ. ಮಾತಲ್ಲಿ ಗೆದ್ದವರನ್ನ ಬಹಳ ಜನರನ್ನ ನೋಡಿದೀನಿ."

ನಾನು ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಾ ನೋಡುತ್ತಿದ್ದೆ. ಆಟ ನನಗೆ ಪೂರ್ತಿ ಬರುವುದಿಲ್ಲ, ಯಾವ ಕಾಯಿ ಹೇಗೆ ನಡೆಯುತ್ತದೆ ಅನ್ನುವಷ್ಟು ಗೊತ್ತು. ಮೊದಲೆಲ್ಲ ನಮ್ಮವರು ಸೋತರೂ ಕೂದಲೆಳೆಯಲ್ಲಿ ಸೋಲುತ್ತಿದ್ದರು. ಒಂದು ವರ್ಷದಿಂದ ಹಾಗಲ್ಲ. ಆಟ ಅರ್ಧಕ್ಕೆ ಬರುವುದರೊಳಗೆ ರಾಣಿ ಕಳೆದುಕೊಂಡು ಕೂರುವುದು. ಅದೂ ಪ್ರತಿ ಸಲ ಒಂದೇ ರೀತಿ. ಒಂಟೆ ಓರೆಯಾಗಿ ಓಡುವ ಕಾಯಿ, ಒಂದು ಮೂಲೆಯಲ್ಲಿ ಕೂತರೆ ಎದುರು ಮೂಲೆಯವರೆಗೂ ಹೊಡೆಯುತ್ತದೆ. ನನ್ನ ತಮ್ಮ ತನ್ನ ಒಂಟೆಯನ್ನು ಬೋರ್ಡಿನ ಆ ತುದಿಗೆ, ನಮ್ಮವರ ಎಡಮೂಲೆಯಲ್ಲಿ ಕೂರಿಸಿ, ಏನೂ ಗೊತ್ತಿಲ್ಲದವನ ಹಾಗೆ ಕಿವಿ ಕೆರೆದುಕೊಳ್ಳುತ್ತಿದ್ದ. ಇವರು ತಮ್ಮ ರಾಣಿಯನ್ನು ತಂದು ಅದರ ದಾರಿಗೇ ನಿಲ್ಲಿಸುತ್ತಿದ್ದರು. ಕುರಿ ತಾನಾಗಿ ಕಟುಕನ ಅಂಗಡಿಗೆ ನಡೆದು ಬಂದ ಹಾಗೆ.

"ಅಕ್ಕ, ಭಾವನಿಗೆ ಎಡಗಡೆಯಿಂದ ಬಂದ್ರೆ ಗೊತ್ತೇ ಆಗಲ್ಲ ನೋಡು," ಅಂತ ತಮ್ಮ ನಗುತ್ತಿದ್ದ. ನಾನೂ ನಗುತ್ತಿದ್ದೆ.

ಅದೇ ಸಮಯಕ್ಕೆ ಡಿಪೋದಲ್ಲಿ ದೂರುಗಳು ಶುರುವಾದವು. ನಿಲ್ದಾಣದಲ್ಲಿ ಕೈ ಚಾಚಿದರೂ ಬಸ್ಸು ನಿಲ್ಲಿಸದೆ ಹೋಗುತ್ತಾನೆ ಅಂತ. ಇಪ್ಪತ್ತು ವರ್ಷಕ್ಕೂ ಮೇಲೆ ಬಸ್ಸಿಗೆ ಒಂದು ಗೀರು ಬೀಳದ ಹಾಗೆ ಓಡಿಸಿದ ಮನುಷ್ಯ, ಅಂಗಿಯ ಜೇಬಿನ ಮೇಲೆ ಅದಕ್ಕೆ ಕೊಟ್ಟ ಬಿಲ್ಲೆ ಬೇರೆ. "ಜನಕ್ಕೆ ಕೈ ಎತ್ತೋಕೂ ಸೋಮಾರಿತನ ಕಣೇ. ಕಂಬದ ಹಿಂದೆ ನಿಂತ್ಕೋತಾರೆ, ಆಮೇಲೆ ಡ್ರೈವರ್ ಸೊಕ್ಕಿನವನು ಅಂತಾರೆ," ಅಂತ ಗೊಣಗುತ್ತಿದ್ದರು. ಇನ್ನೊಂದು ದೂರು ಬಂದರೆ ಸ್ಟೇರಿಂಗು ಬಿಡಿಸಿ ಬಸ್ಸು ತೊಳೆಯುವ ಜಾಗಕ್ಕೆ ಹಾಕುತ್ತೇನೆ ಅಂತ ಮ್ಯಾನೇಜರ್ ಹೇಳಿದ್ದ. ಅವತ್ತು ಇವರು ಊಟ ಮಾಡಲಿಲ್ಲ.

ನನಗೂ ಒಂದು ದೂರಿತ್ತು. ನನ್ನದು ಹೊಲಿಗೆ ಅಂಗಡಿ, ಬಸ್ ನಿಲ್ದಾಣದ ಪಕ್ಕದಲ್ಲೇ. ಮದುವೆಯಾದಾಗಿನಿಂದ ಇವರು ಆ ದಾರಿಯಲ್ಲಿ ಬಂದಾಗಲೆಲ್ಲ ಎರಡು ಸಣ್ಣ ಹಾರ್ನು ಹೊಡೆದು ಹೋಗುವುದು ಲೆಕ್ಕ. ಕೆಲವು ತಿಂಗಳಿಂದ ಅದು ನಿಂತೇಹೋಗಿತ್ತು. "ಯಾಕ್ರೀ, ಹಾರ್ನು ಈಗ ಬೇರೆ ಅಂಗಡಿ ಮುಂದೆ ಹೊಡೀತೀರಾ?" ಅಂತ ಚುಚ್ಚಿದೆ. "ಈ ವಯಸ್ಸಲ್ಲಿ ಹಾರ್ನ್ ಬೇರೆ ಬೇಕಾ ನಿಂಗೆ?" ಅಂದು ತಳ್ಳಿಹಾಕಿದರು. ನನಗೆ ಒಳಗೊಳಗೇ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ವಿಷಯ ನನ್ನ ಕೈಯಲ್ಲೇ ಇತ್ತು. ಇವರ ಯೂನಿಫಾರಮ್ಮಿನ ಎಡ ಭುಜದ ಹೊಲಿಗೆ ಪದೇ ಪದೇ ಬಿಚ್ಚಿ ಬರುತ್ತಿತ್ತು. ಬಲ ಭುಜ ಹೊಸದರ ಹಾಗೆ, ಎಡ ಭುಜ ಮಾತ್ರ ಗೋಡೆಗೆ ಉಜ್ಜಿ ಉಜ್ಜಿ ಸುಣ್ಣ ಹತ್ತಿದ್ದು, ನೂಲು ಎದ್ದದ್ದು. ಬಾಗಿಲಲ್ಲಿ ಬರುವಾಗಲೆಲ್ಲ ಆ ಕಡೆಯ ಚೌಕಟ್ಟಿಗೆ ತಗುಲುತ್ತಿದ್ದರು. "ಬಾಗಿಲು ಇಷ್ಟಗಲ ಇದೆ, ಕಣ್ಣು ಜೇಬಲ್ಲಿ ಇಟ್ಕೊಂಡು ಓಡಾಡ್ತೀರಾ?" ಅಂತ ಬೈದು ಮತ್ತೆ ಹೊಲಿದು ಕೊಡುತ್ತಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಒಬ್ಬಳು. ನಾನು ಹುಡುಕಲೂ ಇಲ್ಲ.

ಕೊನೆಗೆ ಒಂದು ದಿನ, ರಾಣಿ ಹೋಗಿ, ಆನೆ ಹೋಗಿ, ಮರ್ಯಾದೆಯೂ ಹೋದ ಮೇಲೆ, ನಮ್ಮವರು ಎದ್ದು ನಿಂತರು.

"ಈ ಆಟ ಹಾಗೇ ನೆನಪಿಟ್ಕೋ. ಮೇಡಂ ಹತ್ರ ತೋರಿಸೋಣ. ನಾನೆಲ್ಲಿ ತಪ್ಪು ಮಾಡ್ತೀನಿ ಅಂತ ಅವರೇ ಹೇಳ್ಲಿ."

ಮೇಡಂ ಅಂದರೆ ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಚೆಸ್ ಕಲಿಸುವಾಕೆ. ಊರಿನಲ್ಲಿ ಅವರಿಗೆ 'ಮುಟ್ಟಿದ್ರೆ ಹೋಯ್ತು ಮೇಡಂ' ಅಂತ ಹೆಸರು. ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು, ಅಯ್ಯೋ ಗೊತ್ತಾಗಲಿಲ್ಲ ಅಂತ ಐದು ವರ್ಷದ ಮಗು ಅತ್ತರೂ ಬಿಡುವವರಲ್ಲ. ಆಟ ಸೋತವರು ಅಲ್ಲಿ ಹೋಗಿ ತೋರಿಸುವುದು ವಾಡಿಕೆ. ಅದಕ್ಕೆ ಅವರದೇ ಒಂದು ಕ್ರಮ. ಸೋತವನು ಇಡೀ ಆಟವನ್ನು ಮತ್ತೆ ನಡೆಸಿ ತೋರಿಸುತ್ತಾ, ಪ್ರತಿ ನಡೆಗೂ ಯಾಕೆ ಹಾಗೆ ಆಡಿದೆ ಅಂತ ಬಾಯಿಬಿಟ್ಟು ಹೇಳಬೇಕು. ನಡುವೆ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಕುರ್ಚಿ ಬದಲಿಸಬೇಕು. ಸೋತವನು ಗೆದ್ದವನ ಕುರ್ಚಿಯಲ್ಲಿ ಕೂತು ಅದೇ ಆಟವನ್ನು ಆ ಕಡೆಯಿಂದ ನೋಡಬೇಕು.

ಅವರ ಕೋಣೆಯ ಪರದೆ ಹೊಲಿದುಕೊಡುವುದಿತ್ತು, ಹಾಗಾಗಿ ನಾನೂ ಜೊತೆಗೆ ಹೋದೆ. ಕೆಳಗಿನಿಂದ ಚರ್ಮ, ಅಂಟಿನ ವಾಸನೆ ಬರುತ್ತಿತ್ತು. ನಮ್ಮವರು ಮೆಟ್ಟಿಲು ಹತ್ತುವಾಗ ಎಡಗಡೆಯ ಕಂಬಿಗೆ ಮೊಣಕೈ ಬಡಿಸಿಕೊಂಡರು.

ಕಾಯಿ ಜೋಡಿಸಿ ಆಟ ನಡೆಸಿ ತೋರಿಸಿದರು. ಇದನ್ನು ಕುದುರೆಗೆ ಕಾವಲಿಗೆ ಇಟ್ಟೆ, ಇದನ್ನು ದಾರಿ ಬಿಡಿಸಲು ಸರಿಸಿದೆ ಅಂತ ಒಂದೊಂದಕ್ಕೂ ಕಾರಣ ಹೇಳಿದರು. ಬಸ್ಸಿನ ನಿಲ್ದಾಣಗಳನ್ನು ಒಪ್ಪಿಸುವಷ್ಟು ಸಲೀಸು. ಮೇಡಂ ಕೈಕಟ್ಟಿ ಕೂತಿದ್ದರು. ರಾಣಿಯನ್ನು ಮುಂದಿಟ್ಟಲ್ಲಿಗೆ ಬಂದಾಗ ನಮ್ಮವರು ತಡವರಿಸಿದರು.

"ಇಲ್ಲಿ ಇವನ ಒಂಟೆ ಬಂತು."

"ಎಲ್ಲಿಂದ ಬಂತು?"

"ಎಲ್ಲಿಂದ್ಲೋ."

ನನ್ನ ತಮ್ಮ ಕಿಸಕ್ಕನೆ ನಕ್ಕ. ಮೇಡಂ ಅವನ ಕಡೆ ನೋಡಿದರು, ನಗು ಬಂದ ದಾರಿಯಲ್ಲೇ ವಾಪಸು ಹೋಯಿತು.

"ಕುರ್ಚಿ ಬದಲಿಸಿ," ಅಂದರು.

ಬದಲಿಸಿದರು. ಒಂಟೆ ರಾಣಿಯನ್ನು ಹೊಡೆಯುವ ಮುಂಚಿನ ಆಟವನ್ನು ಹಾಗೇ ಇಟ್ಟಿದ್ದರು. ಈಗ ನಮ್ಮವರು ಕೂತದ್ದು ಒಂಟೆಯ ಹಿಂದೆ.

"ಈಗ ನೀವೇ ನಿಮ್ಮ ಭಾವಮೈದ ಅಂದ್ಕೊಳ್ಳಿ. ಏನು ಕಾಣ್ಸುತ್ತೆ?"

"ಒಂಟೆ. ಇಲ್ಲೇ ಬಲಗೈ ಹತ್ರಾನೇ ಕೂತಿದೆ. ಥೂ, ಇಷ್ಟು ದೊಡ್ಡ ಕಾಯಿ ನಂಗೆ ಅಲ್ಲಿಂದ ಹೇಗೆ ಕಾಣ್ಲಿಲ್ಲ?"

"ಸರಿ. ಅದ್ರಿಂದ ಏನು ಹೊಡೀತೀರಿ?"

ಇವರು ಬೋರ್ಡನ್ನು ನೋಡಿದರು. ನೋಡುತ್ತಲೇ ಇದ್ದರು.

"ಹೊಡೆಯೋಕೆ ಏನಿದೆ ಮೇಡಂ? ದಾರಿ ಖಾಲಿ."

ನನ್ನ ತಮ್ಮ ಈ ಸಲ ನಗಲಿಲ್ಲ. ಅದೇ ಓರೆ ಗೆರೆಯ ಆ ತುದಿಯಲ್ಲಿ, ಈಗ ಇವರ ಎಡಮೂಲೆಯಲ್ಲಿ, ಇವರದೇ ರಾಣಿ ನಿಂತಿತ್ತು. ನನ್ನಂಥವಳಿಗೂ ಕಾಣುತ್ತಿತ್ತು.

"ರಾಣಿ ಎಲ್ಲಿದೆ?" ಮೇಡಂ ಕೇಳಿದರು.

"ರಾಣಿ ಹೋಗಾಯ್ತಲ್ಲ."

"ಇನ್ನೂ ಹೋಗಿಲ್ಲ."

ಆಗ ನಮ್ಮವರು ಕತ್ತು ತಿರುಗಿಸಿದರು. ರಾಣಿಯನ್ನು ಕಂಡರು. ಅವರ ಕೈ ಮೇಜಿನ ಅಂಚನ್ನು ಹಿಡಿಯಿತು.

ಮೇಡಂ ಇನ್ನೊಂದು ಆಟ ಇಟ್ಟರು, ಬೇರೆ ಕಾಯಿ, ಬೇರೆ ಜಾಗ. ಮತ್ತೆ ಅದೇ. ಈ ಕುರ್ಚಿಯಲ್ಲಿ ಕೂತಾಗ ಕಂಡದ್ದು ಆ ಕುರ್ಚಿಯಲ್ಲಿ ಕಾಣುತ್ತಿರಲಿಲ್ಲ, ಅಲ್ಲಿ ಕಂಡದ್ದು ಇಲ್ಲಿ ಇರಲಿಲ್ಲ. ಆಮೇಲೆ ಮೇಡಂ ಎರಡು ಕೈಯಲ್ಲೂ ಒಂದೊಂದು ಕಾಯಿ ಹಿಡಿದು ಅಗಲಕ್ಕೆ ಚಾಚಿದರು.

"ನನ್ನ ಮೂಗನ್ನೇ ನೋಡಿ. ಕತ್ತು ಆಡಿಸ್ಬೇಡಿ. ನನ್ನ ಕೈಲಿ ಏನೇನಿದೆ?"

"ಕುದುರೆ," ಅಂದರು ನಮ್ಮವರು.

"ಮತ್ತೆ?"

"ಒಂದೇ ತಾನೇ ಹಿಡಿದಿರೋದು?"

ಮಡಿಲಲ್ಲಿ ಪರದೆಯ ಬಟ್ಟೆ ಇತ್ತು, ನನ್ನ ಕಣ್ಣಿಗೆ ಮಾತ್ರ ಕಂಡದ್ದು ಆ ಎಡ ಭುಜದ ಹೊಲಿಗೆ. ಬಾಗಿಲ ಚೌಕಟ್ಟು, ಮೆಟ್ಟಿಲ ಕಂಬಿ, ನಿಂತುಹೋದ ಹಾರ್ನು, ನಿಲ್ದಾಣದ ಜನ. ಎಲ್ಲವೂ ಎಡಗಡೆ.

ಮೇಡಂ ಕಾಯಿಗಳನ್ನು ಕೆಳಗಿಟ್ಟರು. "ಕುರ್ಚಿ ಬದಲಿಸಿದ್ರೆ ಯಾರಿಗೂ ಆಟ ಮರೆಯಲ್ಲ. ನಿಮ್ಮ ಆಟದಲ್ಲಿ ಅಂಥ ತಪ್ಪಿಲ್ಲ. ನಿಮಗೆ ಎಡಗಡೆ ಕಾಣ್ತಾ ಇಲ್ಲ. ಅದು ಯಾಕೆ ಅಂತ ನಂಗೆ ಗೊತ್ತಿಲ್ಲ, ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೂ ಬಸ್ ಮುಟ್ಬೇಡಿ."

ನಮ್ಮವರ ಮುಖ ಕೆಂಪಾಯಿತು. "ನಾನು ಆಟ ತೋರಿಸೋಕೆ ಬಂದೆ ಮೇಡಂ. ಕಣ್ಣು ತೋರಿಸೋಕಲ್ಲ," ಅಂದವರೇ ಎದ್ದು ಮೆಟ್ಟಿಲಿಳಿದರು. ಇಳಿಯುವಾಗ ಇನ್ನೊಂದು ಬದಿಯ ಕಂಬಿ ತಗುಲಿದ ಸದ್ದು ಕೇಳಿಸಿತು, ಈಗ ಎಡಗಡೆಯದು ಅದು.

ಮನೆಯಲ್ಲಿ ದೊಡ್ಡ ಜಗಳವಾಯಿತು. ನಾನು ಕೂಗಿದೆ, ಇವರೂ ಕೂಗಿದರು. "ಅವರಿಗೆ ಚೆಸ್ ಗೊತ್ತು, ರಸ್ತೆ ನಂಗೆ ಗೊತ್ತು. ಇಪ್ಪತ್ತು ವರ್ಷ ಒಂದು ಕೋಳೀನೂ ಸಾಯಿಸಿಲ್ಲ ನಾನು. ಸ್ಟೇರಿಂಗು ಬಿಟ್ರೆ ನಾನು ಯಾರೇ? ಹೇಳು, ಯಾರು ನಾನು?" ಅಂದರು. ಗೋಡೆಗೆ ಹೇಳಿದರೂ ಒಂದು ಸಲ ತಿರುಗಿ ಕೇಳುತ್ತಿತ್ತೇನೋ, ಇವರು ಮುಸುಕು ಹೊದ್ದು ಮಲಗಿದರು.

ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ಹೊರಟರು. ತಡೆಯಲು ನನ್ನ ಕೈಯಲ್ಲಿ ಏನಿತ್ತು? ನಾನು ಅಂಗಡಿಗೆ ಹೋದೆ, ಷಟರು ಎತ್ತಲಿಲ್ಲ. ನಿಲ್ದಾಣದಲ್ಲಿ, ರಸ್ತೆಯ ಅಂಚಿಗೆ ಬಂದು ನಿಂತೆ. ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಮುದುಕರು, ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಶಾಲೆಯ ಹುಡುಗಿ. ಇವರ ಬಸ್ಸು ತಿರುವಿನಲ್ಲಿ ಕಾಣಿಸಿತು. ನಾನು ಕೈ ಚಾಚಿದೆ. ಮುದುಕರು ಕೋಲು ಎತ್ತಿದರು. ಬಸ್ಸು ನಿಲ್ಲುತ್ತದೆ ಅಂದುಕೊಂಡು ಹುಡುಗಿ ಒಂದು ಕಾಲನ್ನು ರಸ್ತೆಗಿಳಿಸಿದಳು.

ಬಸ್ಸು ನಿಲ್ಲಲಿಲ್ಲ. ನಿಧಾನವನ್ನೂ ಮಾಡಲಿಲ್ಲ. ನಾನು ಹುಡುಗಿಯ ಚೀಲದ ಪಟ್ಟಿ ಹಿಡಿದು ಎಳೆದೆ, ಇಬ್ಬರೂ ಹಿಂದಕ್ಕೆ ಬಿದ್ದೆವು. ಬಸ್ಸಿನ ಬದಿ ನಮ್ಮ ಮುಖದ ಪಕ್ಕದಲ್ಲೇ ಉಜ್ಜಿಕೊಂಡು ಹೋಯಿತು. ಮೇಲೆ, ಗಾಜಿನ ಹಿಂದೆ, ನಮ್ಮವರ ಮುಖ ಕಂಡಿತು. ಶಾಂತವಾಗಿತ್ತು. ಕಣ್ಣು ನೆಟ್ಟಗೆ ರಸ್ತೆಯ ಮೇಲಿತ್ತು. ಒಬ್ಬ ಒಳ್ಳೆಯ ಡ್ರೈವರಿನ ಮುಖ ಹೇಗಿರಬೇಕೋ ಹಾಗೇ ಇತ್ತು.

ಹುಡುಗಿ ಅಳಲಿಲ್ಲ, ಮೊಣಕೈ ಒರೆಸಿಕೊಂಡು ಎದ್ದಳು. ಅತ್ತದ್ದು ನಾನು.

ಸಂಜೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಕೇಳಿದೆ. "ಬೆಳಿಗ್ಗೆ ನನ್ನ ನೋಡಿದ್ರಾ?"

"ನೋಡ್ದೆ. ಯಾಕೆ? ನೀನು ಅಂಗಡೀಲಿ ಮೆಷಿನ್ ಮುಂದೆ ಕೂತಿದ್ದೆ. ಜಗಳ ಆಗಿತ್ತಲ್ಲ, ಅದಕ್ಕೇ ಹಾರ್ನ್ ಹೊಡೀಲಿಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಸುಳ್ಳು ಹೇಳುವಾಗ ನಮ್ಮವರ ಕಿವಿ ಕೆಂಪಾಗುತ್ತದೆ, ಅವತ್ತು ಆಗಿರಲಿಲ್ಲ.

"ಅಂಗಡಿ ಷಟರ್ ಎತ್ತೇ ಇರ್ಲಿಲ್ಲ ರೀ. ನಿಲ್ದಾಣದಲ್ಲಿ ಕೈ ಚಾಚ್ಕೊಂಡು ನಿಂತಿದ್ದೆ. ನಿಮ್ಮ ಬಸ್ಸು ನನ್ನ ಸೆರಗಿಗೆ ಉಜ್ಕೊಂಡು ಹೋಯ್ತು. ಪಕ್ಕದಲ್ಲಿದ್ದ ಮಗುವಿನ ಚೀಲ ಹಿಡಿದು ಎಳೀದೇ ಇದ್ದಿದ್ರೆ ಇಷ್ಟೊತ್ತಿಗೆ ನೀವು ಮನೇಲಿ ಇರ್ತಿರ್ಲಿಲ್ಲ."

ಅವರು ಮುಖ ಒರೆಸುತ್ತಿದ್ದ ಟವೆಲ್ಲನ್ನು ಕೆಳಗಿಳಿಸಿದರು.

"ಎಷ್ಟು ದೊಡ್ಡ ಮಗು?"

ನನ್ನ ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ. ಅವರು ನೆಲದ ಮೇಲೆ ಕೂತುಬಿಟ್ಟರು.

ಮರುದಿನ ಬೆಳಿಗ್ಗೆ ಮಾಮೂಲಿ ಅಂಗಿ ಹಾಕಿಕೊಂಡು ಡಿಪೋಗೆ ಹೊರಟರು. ಬಿಲ್ಲೆಯನ್ನು ಜೇಬಿನಿಂದ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಒಂದು ದಿನ ತಡೆದು ಹೋಗಬಹುದಲ್ಲ, ಮೊದಲು ಡಾಕ್ಟರ್ ಏನಂತಾರೋ ನೋಡೋಣ ಅಂತ ನಾನೇ ಮೆತ್ತಗೆ ಅಂದೆ. "ಮುಟ್ಟಿದ ಕಾಯಿ ನಡೆಸ್ಲೇಬೇಕು ಕಣೇ," ಅಂದು ಹೋದರು.

ಕಣ್ಣಿನ ಡಾಕ್ಟರು ಕಣ್ಣು ಎರಡೂ ಚೆನ್ನಾಗಿವೆ ಅಂದರು. ಒಂದು ಕ್ಷಣ ನಾನು ಹುಚ್ಚಿಯ ಹಾಗೆ ಸಂತೋಷಪಟ್ಟೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿದರು, ತಲೆಯ ಚಿತ್ರ ತೆಗೆಸಿದರು. ತಲೆಯ ಬಲಭಾಗದ ಹಿಂದುಗಡೆ ಒಂದು ಗಂಟು, ಕೋಟಿನ ಗುಂಡಿಯಷ್ಟು ಅಗಲ. ಎಡಗಡೆಯ ನೋಟವನ್ನೆಲ್ಲ ತಲೆಯ ಬಲಭಾಗವೇ ನೋಡುವುದಂತೆ. ನಿಧಾನವಾಗಿ ಬೆಳೆದದ್ದರಿಂದ ಅವರಿಗೇ ಗೊತ್ತಾಗಿಲ್ಲ, ಕಾಣದ ಜಾಗವನ್ನು ತಲೆ ತಾನೇ ಏನಾದರೂ ಹಾಕಿ ತುಂಬಿಕೊಳ್ಳುತ್ತದೆ ಅಂತ ಅಲ್ಲಿನ ಡಾಕ್ಟರಮ್ಮ ವಿವರಿಸಿದರು. ಹಾಗಾದರೆ ಆ ಬೆಳಿಗ್ಗೆ ನನ್ನನ್ನು ಮೆಷಿನ್ ಮುಂದೆ ಕೂರಿಸಿದ್ದು ಆ ಗಂಟು. ತೆಗೆಯಬೇಕು, ತೆಗೆಯದಿದ್ದರೆ ಉಳಿಯುವುದಿಲ್ಲ, ತೆಗೆದರೂ ಮಾತು ಕೊಡಲಾರೆ ಅಂದರು.

ವಾರ್ಡಿನಲ್ಲಿ ಇವರಿಗೆ ಒಂದು ಅಭ್ಯಾಸ ಹೇಳಿಕೊಟ್ಟರು. ಏನು ಮಾಡುವ ಮೊದಲೂ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಬೇಕು. "ಕನ್ನಡಿ ನೋಡಿದ ಹಾಗೆ," ಅಂತ ಇವರೇ ಅದಕ್ಕೆ ಹೆಸರಿಟ್ಟರು. ಅನ್ನ ಕಲಸುವ ಮೊದಲು ಕನ್ನಡಿ, ಎದ್ದು ನಿಲ್ಲುವ ಮೊದಲು ಕನ್ನಡಿ. ನಾನು ಯಾವಾಗಲೂ ಮಂಚದ ಬಲಗಡೆಯೇ ಕೂರುತ್ತಿದ್ದೆ. ಎಡಕ್ಕೆ ಕೂತರೆ ಅವರ ಪಾಲಿಗೆ ನಾನು ಇಲ್ಲದ ಹಾಗೆ.

ಆಪರೇಷನ್ನಿನ ಹಿಂದಿನ ಸಂಜೆ ನನ್ನ ತಮ್ಮ ಬೋರ್ಡು ಕಂಕುಳಲ್ಲಿ ಇಟ್ಟುಕೊಂಡು ಬಂದ. ನಾನು ಅವನನ್ನು ಹೊರಗಡೆಯೇ ತಡೆದೆ.

"ಇವತ್ತು ಸೋಲೋ."

"ಅದನ್ನೂ ಹೇಳ್ಬೇಕಾ ಅಕ್ಕ?" ಅಂದ. ಅವನ ಬಾಯಲ್ಲಿ ಅವತ್ತು ಅಷ್ಟೇ ಮಾತು ಬಂದದ್ದು.

ಆಟ ಶುರುವಾಯಿತು. ನಮ್ಮವರು ಪ್ರತಿ ನಡೆಗೂ ಕತ್ತು ತಿರುಗಿಸಿ ಎಡಮೂಲೆಯನ್ನು ನೋಡಿ, ಮೆಲ್ಲಗೆ ಬಲಕ್ಕೆ ಬಂದು, ಆಮೇಲೆ ಕೈ ಇಡುತ್ತಿದ್ದರು. ನಾನು ಬೋರ್ಡು ನೋಡಲೇ ಇಲ್ಲ. ಫಲಿತಾಂಶ ಗೊತ್ತಿದ್ದ ಆಟವನ್ನು ಏನಂತ ನೋಡಲಿ, ಅವರ ಮುಖ ನೋಡುತ್ತಾ ಕೂತೆ. ಒಂದು ಕಡೆ ಇವರು ಎಡಕ್ಕೆ ನೋಡಿ ಹಾಗೇ ನಿಂತರು. ಆಮೇಲೆ ನನ್ನ ತಮ್ಮನ ಮುಖ ನೋಡಿದರು. ತುಟಿಯ ಕೊನೆ ಸ್ವಲ್ಪ ಅಲುಗಿತು.

"ನೀನು ಬೀಗಾನೇ ರಿಪೇರಿ ಮಾಡ್ಕೊಂಡಿರೋ. ನಾಟಕ ನಿಂಗೆ ಬರಲ್ಲ," ಅಂದು ಯಾವುದೋ ಒಂದು ಸಣ್ಣ ಕಾಯಿಯನ್ನು ಒಂದು ಮನೆ ಮುಂದೆ ಸರಿಸಿದರು. ನನ್ನ ತಮ್ಮ ಅಳು ನುಂಗಿಕೊಂಡು ಕೂತಿದ್ದಕ್ಕೆ ರೇಗಿಸುತ್ತಿದ್ದಾರೆ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಚೆಕ್‌ಮೇಟ್ ಅಂದರು. ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರು. ನಮ್ಮವರು ನನ್ನ ಕಡೆ ತಿರುಗಿ, "ನೋಡಿದ್ಯೇನೇ?" ಅಂದರು.

"ಗೆದ್ರಲ್ಲ, ಭೇಷ್," ಅಂದು ನಕ್ಕೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮನಿಗೆ, "ಬೋರ್ಡು ಎತ್ತಿಡೋ," ಅಂದು ದಿಂಬಿಗೆ ಒರಗಿದರು.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದ ಮೇಲೆ ಅವರು ಕಣ್ಣು ಬಿಡಲೇ ಇಲ್ಲ. ಒಂದೆರಡು ದಿನ ಮೆಷಿನ್ನು ಉಸಿರಾಡಿತು, ಆಮೇಲೆ ಅದೂ ನಿಂತಿತು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಹೇಳಲು ನನಗೆ ಇಷ್ಟವಿಲ್ಲ.

ಎಷ್ಟೋ ದಿನ ಅಂಗಡಿ ತೆರೆಯಲಿಲ್ಲ. ತೆರೆದ ಮೇಲೆ ಒಂದು ಮಧ್ಯಾಹ್ನ ತಮ್ಮ ಬಂದು ನಿಂತ. ಸೊರಗಿ ಕಡ್ಡಿಯಾಗಿದ್ದ.

"ಅಕ್ಕ, ಆ ಕೊನೇ ಆಟಾನ ಮೇಡಂಗೆ ತೋರಿಸ್ಬೇಕು. ನೀನೂ ಬಾ."

ನನಗೆ ಮೈಯೆಲ್ಲ ಉರಿಯಿತು. "ಮಾಡಿದ ನಾಟಕಕ್ಕೆ ಮಾರ್ಕ್ಸ್ ಬೇರೆ ಬೇಕೇನೋ? ನಾನೇ ಹೇಳಿ ಸೋಲಿಸಿದ ಆಟ ಅದು. ಅದರಲ್ಲಿ ತೋರಿಸೋದೇನಿದೆ?"

"ಅದೇ ನಂಗೆ ಗೊತ್ತಾಗ್ಬೇಕು. ನಂಗೆ ನಿದ್ದೆ ಬರ್ತಿಲ್ಲ ಅಕ್ಕ."

ಅವನ ದನಿ ಕೇಳಿ ಕತ್ತರಿ ಕೆಳಗಿಟ್ಟೆ.

ಚಪ್ಪಲಿ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ನಾನು ಹೊಲಿದ ಪರದೆಗಳು ತೂಗುತ್ತಿದ್ದವು. ಮೇಡಂ ನಮ್ಮನ್ನು ಕೂರಿಸಿದರು, ಸಮಾಧಾನದ ಮಾತು ಒಂದೂ ಆಡಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ ಬಂತು. ನನ್ನ ತಮ್ಮ ಅಲ್ಲಿನ ಕ್ರಮದಂತೆ ಆಟ ನಡೆಸಿ ತೋರಿಸುತ್ತಾ ಹೋದ. ಒಂದು ಕಡೆ ತನ್ನ ರಾಣಿಯನ್ನು ಎತ್ತಿ ಭಾವನ ಎಡಗಡೆಗೆ, ಭಾವನ ಆನೆಯ ಎದುರಿಗೆ ತಂದಿಟ್ಟ.

"ಇದು ಬೇಕಂತ್ಲೇ ಇಟ್ಟಿದ್ದು ಮೇಡಂ. ಹೊಡೀಲಿ ಅಂತ. ಅವ್ರು ಹೊಡೀಲಿಲ್ಲ, ಈ ಸಣ್ಣ ಕಾಯಿ ಸರಿಸಿದ್ರು. ಎಡಗಡೆ ಅಲ್ವಾ, ಪಾಪ ಕಂಡಿಲ್ಲ ಅಂದ್ಕೊಂಡೆ. ರಾಣೀನ ವಾಪಸ್ ತಗೊಂಡು ಬೇರೆ ಕಡೆ ಇಡೋಣ ಅಂತ ನೋಡ್ತೀನಿ, ಎಡಮೂಲೇಲಿದ್ದ ಅವರದೇ ಒಂಟೆಗೆ ದಾರಿ ಬಿಟ್ಕೊಂಡಿದೆ. ನಂಗೆ ಭಯ ಆಯ್ತು. ಸೋಲೋಕೆ ಅಂತ ಕೂತವನು ಮೇಡಂ ನಾನು. ಆಮೇಲೆ ಬಿಡಿಸ್ಕೊಳ್ಳೋಕೆ ಒದ್ದಾಡ್ದೆ, ಗೊತ್ತಿರೋದೆಲ್ಲ ಆಡ್ದೆ. ಆಗ್ಲಿಲ್ಲ." ಅವನ ಬೆರಳು ತಗುಲಿ ಕಾಯಿಯೊಂದು ಉರುಳಿತು. "ನಾನು ಸೋತುಕೊಟ್ನಾ, ಭಾವ ಗೆದ್ರಾ?"

ಮೇಡಂ ಉರುಳಿದ ಕಾಯಿಯನ್ನು ನಿಲ್ಲಿಸಿದರು. "ಕುರ್ಚಿ ಬದಲಿಸು."

ತಮ್ಮ ತನ್ನ ಭಾವನ ಕಡೆಯ ಕುರ್ಚಿಯಲ್ಲಿ ಕೂತ. ಮೇಡಂ ಅವನ ರಾಣಿಯನ್ನು ಎತ್ತಿ, ಅದು ಮೊದಲು ಇದ್ದ ಜಾಗಕ್ಕೇ ವಾಪಸು ಇಟ್ಟರು, ಆ ನಡೆ ನಡೆದೇ ಇಲ್ಲ ಅನ್ನುವ ಹಾಗೆ. ಅಲ್ಲಿಂದ ಮುಂದಕ್ಕೆ ಆಡಿ ನೋಡಿದರು. ಅಳಿಸಿ ಇನ್ನೊಂದು ರೀತಿ ಆಡಿದರು. ಕೆಳಗೆ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಮೇಡಂ ನಮ್ಮಿಬ್ಬರನ್ನೂ ಮರೆತಿದ್ದರು.

"ರಾಣಿ ಇಲ್ಲೇ ಇದ್ದಿದ್ರೂ ಮೇಟೇ," ಅಂದರು ಕೊನೆಗೆ. "ಎಲ್ಲಿದ್ರೂ ಮೇಟೇ. ಈ ಸಣ್ಣ ಕಾಯಿ ಸರಿಸಿದ್ದು ಒಂಟೆಗೆ ದಾರಿ ಬಿಡೋಕೆ. ರಾಣಿ ಹೊಡೆದಿದ್ರೆ ಅದು ನೀನು ಕೊಟ್ಟ ಗೆಲುವಾಗ್ತಿತ್ತು. ಅವ್ರು ತಗೊಳ್ಳಿಲ್ಲ."

"ಕಾಣದೇ ಬಿಟ್ಟಿದ್ರೆ?" ತಮ್ಮ ಕೇಳಿದ.

"ಕಂಡಿತ್ತು," ಅಂದೆ ನಾನು. ಬಾಯಿಂದ ಅದು ತಾನಾಗಿ ಬಂತು. ಎಡಕ್ಕೆ ತಿರುಗಿ ನಿಂತ ಆ ಕತ್ತು, ತಮ್ಮನ ಮುಖದ ಮೇಲೆ ನಿಂತ ಆ ಕಣ್ಣು, ಅಲುಗಿದ ಆ ತುಟಿ. ನಾಟಕ ನಿಂಗೆ ಬರಲ್ಲ.

ಮೇಡಂ ಕಾಯಿಗಳನ್ನು ಪೆಟ್ಟಿಗೆಗೆ ಹಾಕತೊಡಗಿದರು. "ಈ ಆಟದಲ್ಲಿ ತಿದ್ದೋದೇನೂ ಇಲ್ಲ," ಅಂದರು. ಆ ಕೋಣೆಯಲ್ಲಿ ಆ ಮಾತು ಯಾರಿಗೂ ಸಿಕ್ಕಿರಲಿಲ್ಲವಂತೆ, ಆಮೇಲೆ ತಮ್ಮ ಹೇಳಿದ. ಅವನು ಅಲ್ಲೇ ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ, ಅದರಲ್ಲಿ ಸಂತೋಷವೂ ಇತ್ತು. ಅವನ ಭಾರ ಇಳಿದಿತ್ತು.

ನನಗೆ ಅಳು ಬರಲಿಲ್ಲ. ಇಡೀ ಜನ್ಮಕ್ಕೆ ಒಂದು ಆಸೆ ಇಟ್ಟುಕೊಂಡಿದ್ದ ಮನುಷ್ಯ, ಅದನ್ನು ಅರ್ಧ ಕಣ್ಣಿನಲ್ಲಿ, ಯಾರ ಭಿಕ್ಷೆಯೂ ಇಲ್ಲದೆ ಗೆದ್ದು, ನೋಡಿದ್ಯೇನೇ ಅಂತ ನನ್ನ ಕಡೆ ತಿರುಗಿದ್ದರು. ನಾನು ಹಲ್ಲು ತೋರಿಸಿ ಭೇಷ್ ಅಂದಿದ್ದೆ, ಮಗು ಬರೆದ ಗೀಚಿಗೆ ಅನ್ನುವ ಹಾಗೆ. ನನ್ನ ತಮ್ಮನ ನಾಟಕವನ್ನು ಒಂದೇ ನೋಟಕ್ಕೆ ಹಿಡಿದವರಿಗೆ ನನ್ನದು ತಿಳಿಯದೇ ಇದ್ದೀತೇ. ನಾನು ಅವರ ಬಲಗಡೆಯೇ ಕೂತಿದ್ದೆ, ಅವರಿಗೆ ಚೆನ್ನಾಗಿ ಕಾಣಲಿ ಅಂತ.